ತೊಟ್ಟಿನ ಕಡೆಯ ಹೋಳು

ಸೆಪ್ಟೆಂಬರ್ ಹನ್ನೆರಡರಂದು ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನರ್ಸಿಂಗ್ ಹಾಸ್ಟೆಲಿನ ಅಡುಗೆಮನೆಯಲ್ಲಿ ವಾರ್ಡನ್ನಿನ ದನಿ ಏರಿತ್ತು. ಊಟ ಮುಗಿಯುತ್ತಿದ್ದಂತೆ ಆರು ಹುಡುಗಿಯರು ವಾಂತಿ ಮಾಡಿಕೊಂಡು ಮಲಗಿದ್ದರು. ಪ್ರಾಣಕ್ಕೇನೂ ಭಯವಿಲ್ಲ, ಆದರೆ ಊಟದಲ್ಲೇ ಏನೋ ಇತ್ತು ಎಂದು ಡಾಕ್ಟರು ಹೇಳಿಹೋಗಿದ್ದರು.

"ಹಂಡೆ ಸರಿಯಾಗಿ ತೊಳೆಯೋಕೂ ಸೋಮಾರಿತನಾನಾ ನಿನಗೆ? ನಾಳೆಯಿಂದ ಬೇರೆಯವರನ್ನ ನೋಡ್ಕೋತೀನಿ."

ಅಡುಗೆಯವಳು ತಲೆ ತಗ್ಗಿಸಿ ನಿಂತಿದ್ದಳು. ಹಿತ್ತಲಿನ ತೋಟ ನೋಡಿಕೊಳ್ಳುವ ಅವಳ ನಾದಿನಿ ಒಲೆಯ ಪಕ್ಕದಲ್ಲಿದ್ದಳು. ಆಯಾ ಕಾಲದ ತರಕಾರಿಯೆಲ್ಲ ಈ ಅಡುಗೆಮನೆಗೆ ಆ ತೋಟದಿಂದಲೇ ಬರುತ್ತಿತ್ತು. ಈಗ ಸೋರೆಕಾಯಿಯ ಕಾಲ. ಸೂಪಿನ ಹಂಡೆಯ ತಳದಲ್ಲಿ ಉಳಿದಿದ್ದ ಹೋಳೊಂದನ್ನು ಅವಳು ನಾಲಿಗೆಗೆ ಮುಟ್ಟಿಸಿ ನೋಡಿ, ತಟ್ಟನೆ ಸೆರಗಿಗೆ ಉಗುಳಿಕೊಂಡಳು. ಕಡುಕಹಿ. ಸೋರೆಕಾಯಿ ಇಷ್ಟು ಕಹಿಯಾದರೆ ವಿಷ.

ಏನಾಗಿದೆಯೆಂದು ಅವಳಿಗೆ ಆ ಕ್ಷಣವೇ ತಿಳಿಯಿತು. ಸೋರೆಯ ಹೂವು ಸಂಜೆ ಅರಳುತ್ತದೆ. ಪತಂಗಗಳು ಎಲ್ಲೆಲ್ಲಿಂದಲೋ ಪರಾಗ ತರುತ್ತವೆ. ಬೀಜಕ್ಕೆ ಬಿಡುವ ಕಾಯಿಯ ಹೂವಿಗೆ ಮೊದಲೇ ಕಾಗದದ ಚೀಲ ಕಟ್ಟಬೇಕು. ಹೋದ ವರ್ಷ ಅವಳು ಕಟ್ಟಿರಲಿಲ್ಲ. ಬೇಲಿಗೆ ಅಂದಕ್ಕೆಂದು ಹಬ್ಬಿಸಿದ್ದ ಕಹಿಸೋರೆಯ ಪರಾಗ ಸೇರಿಬಿಟ್ಟಿತ್ತು. ಆಗಿನ ಕಾಯಿ ಸಿಹಿಯಾಗಿಯೇ ಇತ್ತು. ಕಹಿ ಬೀಜದಲ್ಲಿ ಉಳಿದು ಈ ವರ್ಷದ ಬಳ್ಳಿಗೆ ಬಂದಿತ್ತು.

ಅತ್ತಿಗೆ ಪ್ರತಿಯೊಂದು ಸೋರೆಕಾಯಿಯ ತೊಟ್ಟಿನ ಕಡೆಯಿಂದ ಹೋಳು ಕೊಯ್ದು, ಕಹಿ ಇದೆಯೇ ಎಂದು ಹಸಿಯಾಗಿಯೇ ರುಚಿ ನೋಡಿ, ಆಮೇಲೆ ಹೆಚ್ಚುವವಳು. ಇವತ್ತು ಬೆಳಿಗ್ಗೆ ನಾದಿನಿ ಹುಡುಗಿಯರೆದುರು ನಕ್ಕಿದ್ದಳು: "ಏನತ್ತಿಗೆ, ನನ್ನ ಕೈಯಾರೆ ಬೆಳೆದದ್ದಕ್ಕೂ ಪರೀಕ್ಷೆನಾ? ಪಾಸಾದ್ರೆ ಸರ್ಟಿಫಿಕೇಟೂ ಕೊಡ್ತೀಯಾ?" ಹುಡುಗಿಯರೂ ನಕ್ಕರು. "ಆಯ್ತು ಮಹಾರಾಯ್ತಿ, ನಿನಗೂ ನಿನ್ನ ಸೋರೆಕಾಯಿಗೂ ಶರಣು" ಎಂದು ಅತ್ತಿಗೆ ಹಾಗೆಯೇ ಹೆಚ್ಚತೊಡಗಿದ್ದಳು.

ವಾರ್ಡನ್ ಈಗ ನಾದಿನಿಯ ಕಡೆ ತಿರುಗಿದರು. "ನೀನೇ ಹೇಳಮ್ಮ, ತರಕಾರಿ ಚೆನ್ನಾಗಿತ್ತು ತಾನೆ?"

"ಚೆನ್ನಾಗೇ ಇತ್ತು, ಮೇಡಂ."

ಬಾಯಿಂದ ಬಿದ್ದ ಮಾತು ಅವಳ ಕಿವಿಗೇ ಬೇರೆ ಯಾರದೋ ಎನ್ನುವಂತೆ ಕೇಳಿಸಿತು. ಅತ್ತಿಗೆ ಒಮ್ಮೆ ಅವಳ ಸೆರಗನ್ನು ನೋಡಿ, "ತಪ್ಪು ನಂದೇ, ಮೇಡಂ" ಎಂದಳು. ವಾರ್ಡನ್ ಹೊರಟುಹೋದರು.

"ಉಗುಳಿದ್ದು ನೋಡಿದ್ಯಲ್ಲ," ನಾದಿನಿ ಮೆಲ್ಲಗೆ ಕೇಳಿದಳು, "ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀಯ ಅಂತ ಕಾದೆ." ಅತ್ತಿಗೆ ಹಂಡೆಗೆ ನೀರು ಬಿಟ್ಟು ತಿಕ್ಕತೊಡಗಿದಳು. ಆಗಲೇ ಥಳಥಳ ಹೊಳೆಯುತ್ತಿದ್ದ ಅಂಚನ್ನೇ ತಿಕ್ಕಿದಳು.

ನಾದಿನಿ ಹುಡುಕಿಕೊಂಡು ಹೋದಾಗ ವಾರ್ಡನ್ ಹುಡುಗಿಯರ ಕೋಣೆಯಲ್ಲಿದ್ದರು. ಬಾಗಿಲ ಹತ್ತಿರದ ಮಂಚದವಳು ಸೊರಗಿದ ದನಿಯಲ್ಲಿ ಹೇಳುತ್ತಿದ್ದಳು: "ಕಹಿ ಇತ್ತು ಮೇಡಂ. ತೋಟದ್ದಲ್ವಾ, ಮೈಗೆ ಒಳ್ಳೇದು ಅಂತ ಮೂಗು ಹಿಡ್ಕೊಂಡು ಕುಡಿದ್ವಿ."

ನಾದಿನಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಆದರೂ ಹೊಸ್ತಿಲ ಮೇಲೆಯೇ ನಿಂತು, ಎಲ್ಲರಿಗೂ ಕೇಳುವಂತೆ, ಬೀಜದ ಮಾತು, ಬೆಳಗಿನ ನಗು, ಆಗಷ್ಟೇ ಹೇಳಿದ ಸುಳ್ಳು ಎಲ್ಲವನ್ನೂ ಹೇಳಿದಳು.

"ಅವಳನ್ನ ಅಷ್ಟು ಬೈದೆನಲ್ಲ, ಆಗ ಯಾಕೆ ಸುಮ್ಮನಿದ್ದೆ?" ವಾರ್ಡನ್ ಕೇಳಿದರು. "ಅವಳು ಕೆಲಸದಲ್ಲೇ ಇರ್ತಾಳೆ. ನೀನು ಮೊದಲು ಆ ಬಳ್ಳಿಗಳನ್ನ ಕೀಳು."

ಕತ್ತಲಾಗುವ ಮುನ್ನ ಅವಳು ಚಪ್ಪರದ ಬಳ್ಳಿಗಳನ್ನೆಲ್ಲ ಬುಡಸಮೇತ ಕಿತ್ತು, ಕಾಯಿಗಳನ್ನು ಹೂಳಲು ಗುಂಡಿ ತೋಡಿದಳು. ತೋಟದಲ್ಲಿ ಬೆಳೆದದ್ದು ಯಾವುದನ್ನೂ ತೂಗಿ ಹಾಸ್ಟೆಲಿನ ಲೆಕ್ಕಕ್ಕೆ ಬರೆಯದೆ ಕಳೆಯುವಂತಿರಲಿಲ್ಲ. ಅತ್ತಿಗೆ ಅಡುಗೆಮನೆಯ ತಕ್ಕಡಿಯನ್ನು ಎತ್ತಿಕೊಂಡು ಬಂದು ಎದುರು ಹಿಡಿದಳು. ಹೂಳಿದ ಸೋರೆಕಾಯಿ ಇಪ್ಪತ್ತೊಂದು ಕಿಲೋ ಆರುನೂರು ಗ್ರಾಂ.