ಹೇಂಟೆಯ ಕೊರಳು

ಪ್ರಥಮ ಸ್ಥಾನ ಯಾರಿಗೂ ಬೇಡ ಎಂದು ರಮಾನಾಥ ಮೂರನೆಯ ಸಲ ಹೇಳಿದ.

"ಹಾಗೆ ಹೇಳಿದರೆ ಹೇಗೆ ಸರ್?" ಜೊತೆಯ ತೀರ್ಪುಗಾರ್ತಿ ಸುರಕ್ಷಾ ಅಂಕಪಟ್ಟಿಯ ಮೇಲೆ ಪೆನ್ನು ಇಟ್ಟಳು. "ಒಬ್ಬರನ್ನು ಜಿಲ್ಲೆಗೆ ಕಳಿಸಲೇಬೇಕು."

"ಯೋಗ್ಯತೆ ಇದ್ದರೆ ಕಳಿಸುವ."

ವೇಣೂರಿನ ಆ ಶಾಲೆಯ ಏಳನೇ ತರಗತಿಯಲ್ಲಿ ಹದಿನಾಲ್ಕು ಮಣ್ಣಿನ ಪ್ರಾಣಿಗಳು ಬೆಂಚುಗಳ ಮೇಲೆ ಸಾಲಾಗಿ ನಿಂತಿದ್ದವು. ಸುತ್ತಲಿನ ಶಾಲೆಗಳಿಂದ ಬಂದ ಮಕ್ಕಳಿಗೆ ಕೊಟ್ಟ ವಿಷಯ, ಮನೆಯ ಸಾಕುಪ್ರಾಣಿ. ಎರಡು ಗಂಟೆಯ ಸ್ಪರ್ಧೆ ಮುಗಿದು ಮಕ್ಕಳು ಊಟಕ್ಕೆ ಹೋಗಿದ್ದರು. ಹಸುವಿಗೆ ಒಂದು ಕೊಂಬು ಉದ್ದ, ಒಂದು ಗಿಡ್ಡ. ನಾಯಿಯ ಹೊಟ್ಟೆ ನೆಲ ಮುಟ್ಟುತ್ತಿತ್ತು. ಬೆಕ್ಕು ಬೆಕ್ಕೆಂದು ಗೊತ್ತಾಗಲು ಮೀಸೆಗೆ ಸಿಕ್ಕಿಸಿದ, ಗುಡಿಸುವ ಹಿಡಿಸೂಡಿಯ ಕಡ್ಡಿಯೇ ಆಧಾರ. ಒಂದು ಮೊಲ ಮಾತ್ರ ಅಚ್ಚಿನಲ್ಲಿ ಒತ್ತಿ ತೆಗೆದ ಹಾಗಿತ್ತು, ಅಷ್ಟೇ ಸತ್ತ ಹಾಗೂ ಇತ್ತು.

ಮೂಡುಬಿದಿರೆಯಲ್ಲಿ ಹತ್ತೊಂಬತ್ತು ವರ್ಷ ಚಿತ್ರಕಲೆ ಕಲಿಸಿದ ರಮಾನಾಥ ತಪ್ಪುಗಳನ್ನು ಹುಡುಕಬೇಕಾಗಿರಲಿಲ್ಲ. ಅವು ತಾವಾಗಿ ಬಂದು ಕಣ್ಣಿಗೆ ಚುಚ್ಚುತ್ತಿದ್ದವು. ಇವತ್ತು ಬೆಳಿಗ್ಗೆ ಬಸ್ಸಿನ ಬೋರ್ಡಿನಲ್ಲಿ ವೇಣೂರು ಎಂಬ ಹೆಸರಿನ ದೀರ್ಘದ ಗುರುತು ಅಳಿಸಿಹೋಗಿತ್ತು. ಕಂಡಕ್ಟರನಿಗೆ ಹೇಳಿದ. "ಬಸ್ಸು ಅಲ್ಲಿಗೇ ಹೋಗ್ತದಲ್ಲ ಸರ್," ಎಂದು ಅವನು ಟಿಕೆಟ್ ಹರಿದುಕೊಟ್ಟ. ಇಡೀ ದಾರಿ ಆ ಉತ್ತರ ರಮಾನಾಥನನ್ನು ಕೊರೆಯಿತು.

ಮನೆಯಲ್ಲಿ ಅವನದೇ ಒಂದು ಚಿತ್ರ ಎಂಟು ವರ್ಷಗಳಿಂದ ಗೋಡೆಗೆ ಮುಖ ಮಾಡಿ ನಿಂತಿತ್ತು. ಮುಗಿಯಿತಾ ಎಂದು ಕೇಳುವುದನ್ನು ಹೆಂಡತಿ ಸರಸ ಬಿಟ್ಟಿದ್ದಳು. ಮಗಳು ಪ್ರಾಪ್ತಿ ಚಿತ್ರ ಬರೆಯುತ್ತಿರುವಾಗ ಅವನು ಹತ್ತಿರ ಹೋದರೆ ಮೊಣಕೈಯಿಂದ ಪುಸ್ತಕ ಮುಚ್ಚುತ್ತಿದ್ದಳು. ಆರು ವರ್ಷದವಳಿದ್ದಾಗ ಅವಳು ಬರೆದ ಕಾಗೆಯ ರೆಕ್ಕೆಯನ್ನು ಅಳಿಸಿ ಸರಿಯಾಗಿ ಬರೆದುಕೊಟ್ಟಿದ್ದ. ಅವಳು ನೋಡಿ ಹಾಳೆಯನ್ನು ಅವನಿಗೇ ವಾಪಸು ಕೊಟ್ಟಿದ್ದಳು. "ಇದು ನಿಮ್ಮದು ಅಪ್ಪ."

"ಇದನ್ನು ನೋಡಿ ಸರ್." ಸುರಕ್ಷಾ ಕೊನೆಯ ಬೆಂಚಿನ ಬಳಿ ನಿಂತಿದ್ದಳು. ಹೇಂಟೆ. ಹನ್ನೊಂದನೇ ನಂಬರು, ಭವ್ಯಶ್ರೀ, ಏಳನೇ ತರಗತಿ. "ಈಗ ಕೊಕ್ಕೋ ಅನ್ನುತ್ತದೆ ಅಂತ ಅನಿಸುವುದಿಲ್ಲವಾ?"

"ಕೊರಳು ಓರೆ."

"ಇರಲಿ ಸರ್. ಜೀವ ಉಂಟಲ್ಲ."

"ಜೀವಕ್ಕೆ ಪಟ್ಟಿಯಲ್ಲಿ ಕಾಲಂ ಇಲ್ಲ."

ಸುರಕ್ಷಾ ನಕ್ಕಳೋ ಇಲ್ಲವೋ ಗೊತ್ತಾಗಲಿಲ್ಲ. "ನೀವು ಇನ್ನೊಮ್ಮೆ ನೋಡಿ. ನಾನು ನಮ್ಮ ಊಟಕ್ಕೆ ಹೇಳಿ ಬರ್ತೇನೆ."

ಅವಳು ಹೋದ ಮೇಲೆ ಅವನು ಹೇಂಟೆಯ ಎದುರು ಕುಳಿತ. ಉಗುರಿನಿಂದ ಒತ್ತಿದ ಗರಿಗಳು ಬೆನ್ನಿನಲ್ಲಿ ಸಣ್ಣದಾಗಿ, ಬಾಲದ ಕಡೆ ದೊಡ್ಡದಾಗುತ್ತ ಹೋಗಿದ್ದವು. ಎದೆಯ ಭಾರ ಸರಿಯಾಗಿ ಕಾಲಿನ ಮೇಲೆ ಬಿದ್ದಿತ್ತು. ಹನ್ನೆರಡು ವರ್ಷದ ಹುಡುಗಿಗೆ ಇದು ಯಾರೂ ಕಲಿಸದೆ ಬಂದದ್ದು. ಅವನಿಗೆ ಸಿಟ್ಟು ಬಂತು. ಇಷ್ಟೆಲ್ಲ ಗೊತ್ತಿದ್ದವಳು ಕೊರಳೊಂದನ್ನು ಎರಡು ಬೆರಳಿನಷ್ಟು ಬಲಕ್ಕೆ ಯಾಕೆ ತಿರುಚಿದಳು? ಅದು ನೇರ ಇದ್ದಿದ್ದರೆ ಅವನು ಕಣ್ಣು ಮುಚ್ಚಿ ಪ್ರಥಮ ಸ್ಥಾನ ಕೊಡುತ್ತಿದ್ದ. ಯಾರಿಗಾದರೂ ಪೂರ್ತಿ ಅಂಕ ಕೊಟ್ಟ ನೆನಪು ಅವನಿಗೆ ಇರಲಿಲ್ಲ.

ಹುಡುಗಿಗೆ ಉಪಕಾರವೇ ಆಗುತ್ತದೆ ಎಂದುಕೊಂಡ. ಬಾಗಿಲ ಕಡೆ ನೋಡಿದ. ಎಡಗೈಯಲ್ಲಿ ಬೆನ್ನು ಹಿಡಿದು ಬಲಗೈಯಿಂದ ತಲೆಯನ್ನು ಮೆಲ್ಲನೆ ನೇರಕ್ಕೆ ತಿರುಗಿಸಿದ.

ಮಣ್ಣು ಆಗಲೇ ಅರ್ಧ ಒಣಗಿತ್ತು. ಕೊರಳಿನ ಬುಡದಲ್ಲಿ ಸಣ್ಣದೊಂದು ಬಿರುಕು ಬಿಟ್ಟಿತು. ಬೆಂಚಿನ ಮೇಲಿದ್ದ ಮಗ್ಗಿನ ನೀರಿಗೆ ಹೆಬ್ಬೆರಳು ಅದ್ದಿ ಬಿರುಕನ್ನು ಒತ್ತಿದ. ಅಲ್ಲಿದ್ದ ಗರಿಗಳು ಅಳಿಸಿಹೋದವು. ಮತ್ತೆ ಒತ್ತಿದ, ಬಿರುಕು ಇನ್ನೊಂದು ಬದಿಗೆ ಹೋಯಿತು. ಈಗ ಕೊರಳು ನೇರ ಇತ್ತು. ಕೋಳಿ ಅಂಗಡಿಯ ಬೋರ್ಡಿನ ಚಿತ್ರದ ಹಾಗೆ ಅದು ಎದುರಿನ ಗೋಡೆ ನೋಡುತ್ತ ನಿಂತಿತು.

ಸುರಕ್ಷಾ ಬಂದವಳು ಸೀದಾ ಹೇಂಟೆಯ ಹತ್ತಿರವೇ ಹೋದಳು. "ಇದು ಹೀಗಿತ್ತಾ ಸರ್?"

"ಮಣ್ಣು ಹದ ಮಾಡಿಲ್ಲ. ಒಣಗುವಾಗ ಜರುಗಿದೆ. ಬಿರುಕು ನೋಡಿ."

ಅವಳು ಬಿರುಕನ್ನು ನೋಡಿದಳು. ಆಮೇಲೆ ಮಣ್ಣು ಮೆತ್ತಿದ ಅವನ ಹೆಬ್ಬೆರಳನ್ನು. ಅವಳು ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ.

"ಹಾಗಾದರೆ ಮೊಲಕ್ಕೆ ಕೊಡುವ," ಎಂದಳು, ಪಟ್ಟಿಯಿಂದ ತಲೆ ಎತ್ತದೆ.

"ಆಗಲಿ."

ಪ್ರಥಮ ಸ್ಥಾನ ಯಾರಿಗೂ ಬೇಡ ಎಂದದ್ದು ಅವನಿಗೆ ನೆನಪಿತ್ತು. ಸಹಿ ಹಾಕಿದ. ಯಾವತ್ತಿನಂತೆ ಅಕ್ಷರಗಳು ಸಮವಾಗಿ ಬಂದವು.

ಊಟದ ನಂತರ ಫಲಿತಾಂಶ ಓದಿದರು. ಮೂರು ಹೆಸರುಗಳಲ್ಲಿ ಭವ್ಯಶ್ರೀ ಇರಲಿಲ್ಲ. ಚಪ್ಪಾಳೆ ನಿಲ್ಲುವ ಮೊದಲೇ ಅವನು ಎದ್ದು ಶಾಲೆಯ ಹಿಂದಿನ ನೀರಿನ ನಳ್ಳಿಗೆ ಹೋದ. ಊಟಕ್ಕೆ ಮುಂಚೆ ಕೈ ತೊಳೆದಿದ್ದರೂ ಉಗುರಿನೊಳಗೆ ಮಣ್ಣು ಉಳಿದಿತ್ತು.

ನಳ್ಳಿಯ ಕಟ್ಟೆಯ ಮೇಲೆ ಹೇಂಟೆಯನ್ನು ಇಟ್ಟುಕೊಂಡು ಒಬ್ಬ ಹುಡುಗಿ ನಿಂತಿದ್ದಳು. ಎಣ್ಣೆ ಹಾಕಿ ಬಿಗಿದ ಎರಡು ಜಡೆ, ಮೊಣಕೈವರೆಗೆ ಕೆಂಪು ಮಣ್ಣು.

"ಸರ್, ನನ್ನದರಲ್ಲಿ ಎಂತ ತಪ್ಪು ಇತ್ತು?"

"ಕೊರಳು ಬಿರಿದಿತ್ತು."

"ನಾನು ಇಟ್ಟು ಹೋಗುವಾಗ ಬಿರಿದಿರಲಿಲ್ಲ."

"ಓರೆ ಇತ್ತು," ಎಂದ ರಮಾನಾಥ. ಈಗ ನೇರ ನಿಂತಿರುವ ಕೊರಳಿನ ಬಗ್ಗೆ ತಾನು ಹೇಳಿದ್ದು ಏನೆಂದು ಆಮೇಲೆ ಹೊಳೆಯಿತು.

ಹುಡುಗಿ ಅದನ್ನು ಹಿಡಿದುಕೊಳ್ಳಲಿಲ್ಲ. "ನಮ್ಮ ಮನೆಯ ಹೇಂಟೆಗೆ ಒಂದು ಕಣ್ಣಿಲ್ಲ ಸರ್. ಮರಿ ಇರುವಾಗ ಮುಂಗುಸಿ ಹಿಡಿದದ್ದು. ನಾನು ಅಕ್ಕಿ ತಂದರೆ ಅದು ತಲೆ ಹೀಗೆ ತಿರುಗಿಸಿ ನನ್ನನ್ನು ನೋಡುತ್ತದೆ." ಅವಳು ತನ್ನ ಕತ್ತನ್ನು ಬಲಕ್ಕೆ ಓರೆ ಮಾಡಿ ತೋರಿಸಿದಳು. ಎರಡು ಬೆರಳಿನಷ್ಟು.

ಆಮೇಲೆ ಹೇಂಟೆಯ ಕೊರಳಿನಲ್ಲಿ ಬೆರಳೊತ್ತಿ ಮೂಡಿದ್ದ ಗುಳಿಯೊಳಗೆ ತನ್ನ ಹೆಬ್ಬೆರಳು ಇಟ್ಟಳು. ಗುಳಿ ದೊಡ್ಡದಿತ್ತು. ಅವಳ ಬೆರಳು ಅದರೊಳಗೆ ಸಡಿಲವಾಗಿ ಕುಳಿತಿತು. ತಲೆ ಎತ್ತಿ ಅವನನ್ನು ನೋಡಿದಳು.

"ನಾನು," ಎಂದು ರಮಾನಾಥ ಶುರು ಮಾಡಿದ. "ಇನ್ನೊಂದು ಸಲ ಮಣ್ಣು ಚೆನ್ನಾಗಿ ನಾದಬೇಕು."

"ಹೂಂ ಸರ್."

ಅವಳು ನಳ್ಳಿ ತಿರುಗಿಸಿ ಹೇಂಟೆಯನ್ನು ನೀರಿಗೆ ಹಿಡಿದಳು. ಗರಿಗಳು ಹೋದವು, ಕೊಕ್ಕು ಹೋಯಿತು. ಸಿಟ್ಟಿಲ್ಲದೆ, ಮನೆಗೆಲಸ ಮಾಡುವವರ ಹಾಗೆ, ಅವಳು ಅದನ್ನು ಮುದ್ದೆ ಮಾಡಿ ನಾದಿದಳು. ಎರಡು ಅಂಗೈಗಳ ನಡುವೆ ಹೊರಳಿಸಿ ಹೊರಳಿಸಿ ತೆಂಗಿನಕಾಯಿಯಷ್ಟು ದೊಡ್ಡ ಉಂಡೆ ಕಟ್ಟಿದಳು. ನೀರು ಸವರಿ ನುಣುಪು ಮಾಡಿದಳು. ಅಂಗಳದಿಂದ ಯಾರೋ ಅವಳ ಹೆಸರು ಕೂಗಿದರು, ಅವಳ ಶಾಲೆಯ ಮಕ್ಕಳನ್ನು ತಂದ ಜೀಪು ಹೊರಟಿತಂತೆ.

"ಈಗ ಸರಿ ಉಂಟಾ ಸರ್?" ಅವಳು ಉಂಡೆಯನ್ನು ಅವನ ಕೈಗಿಟ್ಟು ಓಡಿದಳು.

ರಸ್ತೆಗೆ ಬಂದಾಗಲೂ ಅದು ಅವನ ಎರಡೂ ಕೈಗಳಲ್ಲಿತ್ತು. ಕೆಳಗಿಟ್ಟರೆ ಒಂದು ಬದಿ ಚಪ್ಪಟೆಯಾಗುತ್ತದೆ. ಒಂದೇ ಕೈಯಲ್ಲಿ ಹಿಡಿದರೆ ಬೆರಳು ಮೂಡುತ್ತದೆ. ಸುತ್ತಲೂ ತಿರುಗಿಸಿ ನೋಡಿದ. ಎಲ್ಲಿಂದ ನೋಡಿದರೂ ಒಂದೇ ಹಾಗಿತ್ತು.

ಬಸ್ಸು ಬಂತು. ಮೆಟ್ಟಿಲಲ್ಲಿ ನೇತಾಡುತ್ತ ಕಂಡಕ್ಟರ್ "ಮೂಡಬಿದ್ರೆ, ಮೂಡಬಿದ್ರೆ" ಎಂದು ಕೂಗಿ, ಇವನು ಕೈ ಮಾಡುತ್ತಾನೋ ಎಂದು ನೋಡಿದ. ರಮಾನಾಥನ ಕೈಗಳು ಅಲುಗಲಿಲ್ಲ. ಕಂಡಕ್ಟರ್ ಸೀಟಿ ಊದಿದ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಅವನು ಉಂಡೆಯನ್ನು ಎದೆಯ ಎತ್ತರಕ್ಕೆ ಹಿಡಿದು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ, ಬಿಸಿಲಿನಲ್ಲಿ ನಿಂತೇ ಇದ್ದ.