ತುಂಬಿದ ಬಸ್ಸಿನ ಹಾರ್ನ್

ಗುರುವಪ್ಪ ಹಾರ್ನ್ ಒತ್ತಿದ. ಪೋಂ ಎಂದಿತು. ನಲವತ್ತೊಂದನೆಯ ಸಲ.

"ಸಾಕು ಮಾರಾಯ, ನನ್ನ ಕಿವಿ ಹೋಯ್ತು," ಎಂದರು ಬಸ್ಸಿನ ಮಾಲಕ ಲೋಕನಾಥ ಶೆಟ್ಟರು, ಗ್ಯಾರೇಜಿನ ಬಾಗಿಲಲ್ಲಿ ನಿಂತು. "ಇದರಲ್ಲಿ ಹಾಳಾದದ್ದು ಎಂತ ಉಂಟು? ಒತ್ತಿದ್ರೆ ಬರ್ತದೆ. ಹನ್ನೊಂದು ಗಂಟೆಗೆ ಆರ್‌ಟಿಒ ಆಫೀಸಿನ ಬ್ರೇಕ್ ಇನ್‌ಸ್ಪೆಕ್ಟರ್ ಬಂದ್ರೆ ಅವರೂ ಇದನ್ನೇ ಬರೀತಾರೆ."

ಬರೆದರೆ ಗುರುವಪ್ಪನ ಲೈಸೆನ್ಸ್ ಹೋಗುತ್ತದೆ, ಜೈಲೂ ಆಗಬಹುದು. ಎಂಟು ದಿನಗಳ ಹಿಂದೆ ಕೂಳೂರು ಹೊಳೆಯ ಸಂಕ ದಾಟಿ ಎಡಕ್ಕೆ ತಿರುಗಿಸುವಾಗ ಸೈಕಲಿನಲ್ಲಿ ಅಡ್ಡ ಬಂದ ಮುದುಕ ನೋಣಯ್ಯ ಬಸ್ಸಿನಡಿಗೆ ಬಿದ್ದು ಸತ್ತಿದ್ದ. ಹಾರ್ನ್ ಒತ್ತಿದೆ, ಅದು ಕೂಗಲಿಲ್ಲ ಎಂದು ಗುರುವಪ್ಪ ಅಂದಿನಿಂದ ಹೇಳುತ್ತಲೇ ಇದ್ದ. ಈಗ ಅವನ ಸ್ವರ ಸಣ್ಣದಾಗಿತ್ತು.

"ಜಾರ್ಜ್ ಪೊರ್ಬುಗಳೇ, ನಾನು ಒತ್ತಿದ್ದು ಹೌದಾ ಅಂತ ನನಗೇ ಈಗ ಸಂಶಯ."

ಎಲೆಕ್ಟ್ರಿಶನ್ ಜಾರ್ಜ್ ಬಸ್ಸಿನಡಿಯಿಂದ ತಲೆ ಹೊರಹಾಕಿದ. "ಆ ದಿನ ಜನ ಎಷ್ಟಿದ್ರು?"

"ಫುಲ್. ಫುಟ್‌ಬೋರ್ಡಲ್ಲೂ ನಿಂತಿದ್ರು."

"ಮತ್ತೆ ಖಾಲಿ ಬಸ್ಸನ್ನು ಕೇಳಿದ್ರೆ ಅದು ಎಂತ ಹೇಳ್ತದೆ? ಜನ ತುಂಬಿಸಿ."

ಉರ್ವ ಮಾರ್ಕೆಟಿನಿಂದ ಮೀನು ಮಾರುವ ಬಾಗಿ ಬುಟ್ಟಿ ಸಮೇತ ಮೊದಲು ಬಂದಳು. "ಟಿಕೆಟ್ ಉಂಟಾ ಇದಕ್ಕೆ?"

"ಇಲ್ಲ ಬಾಗಿಯಕ್ಕ, ಕೂತ್ರೆ ಸಾಕು," ಎಂದ ಜಾರ್ಜ್.

"ಹಾಗಾದ್ರೆ ಕಿಟಕಿ ಸೀಟು ನನಗೆ."

ಅವಳ ಹಿಂದೆ ಹಮಾಲರು, ಕಟ್ಟಿದ ಬೀಡಿಯನ್ನು ಡಿಪೋಗೆ ಕೊಡಲು ಹೊರಟಿದ್ದ ಹೆಂಗಸರು ಹತ್ತಿದರು. ಬಸ್ಸು ಕಿರುಗುಟ್ಟಿ ತಗ್ಗಿತು. ಗುರುವಪ್ಪ ಸ್ಟಿಯರಿಂಗ್ ನೇರ ಇಟ್ಟು ಒತ್ತಿದಾಗ ಹಾರ್ನ್ ಕೂಗಿತು. ಎಡಕ್ಕೆ ತಿರುಗಿಸಿ ಒತ್ತಿದಾಗ ಕೂಗಲಿಲ್ಲ.

"ಒಮ್ಮೊಮ್ಮೆ ಹಾಗೆ ಆಗ್ತದೆ," ಎಂದರು ಶೆಟ್ಟರು.

"ಒಮ್ಮೊಮ್ಮೆ ಆದ್ರೆ ಸಾಲದು ಶೆಟ್ರೇ. ಈ ಫಾಲ್ಟ್ ನಾವು ಕರೆದಾಗೆಲ್ಲ ಬರ್ಬೇಕು," ಎಂದ ಜಾರ್ಜ್.

ನೇರ, ಪೋಂ. ಎಡ, ಇಲ್ಲ. ಹತ್ತು ಸಲವೂ ಹಾಗೆಯೇ ಆಯಿತು.

ಜಾರ್ಜ್ ಟಾರ್ಚ್ ಹಿಡಿದು ಚಕ್ರದ ಹಿಂದೆ ನುಸುಳಿದ. ಭಾರ ಬಿದ್ದು ಚಕ್ರ ತಿರುಗಿದಾಗ ಹಾರ್ನಿನ ವಯರ್ ಎಳೆದು ಜಾಯಿಂಟ್ ಬಿಡುತ್ತಿತ್ತು. ಅದು ನೇತಾಡದಿರಲಿ ಎಂದು ಬ್ರೇಕ್ ಪೈಪಿಗೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟಲಾಗಿತ್ತು; ಆ ಗಂಟೇ ಅದನ್ನು ಎಳೆಯುತ್ತಿತ್ತು. ಕಳೆದ ತಿಂಗಳು ಕಟ್ಟಿದವನು ಅವನೇ. ಕೈ ಕಿಸೆಯ ಕತ್ತರಿಯವರೆಗೆ ಹೋಯಿತು. ಬಿಚ್ಚಲು ಒಂದು ನಿಮಿಷ ಸಾಕಿತ್ತು. ಅವನು ಕತ್ತರಿ ತೆಗೆಯದೆ ಬರಿಗೈಯಲ್ಲಿ ಹೊರಗೆ ಬಂದ.

"ಗಂಟು ನಂದು, ಶೆಟ್ರೇ."

ಶೆಟ್ಟರು ಅವನನ್ನೇ ನೋಡಿದರು. "ಬೇಗ ಬಿಚ್ಚಿ ಸರಿ ಮಾಡು. ಯಾರಿಗೂ ಹೇಳ್ಬೇಡ."

"ಇಲ್ಲ. ಇನ್‌ಸ್ಪೆಕ್ಟರ್ ನೋಡ್ಲಿ, ಮತ್ತೆ ಬಿಚ್ಚುವ."

ಗಂಟೆ ಹತ್ತೂವರೆ. ಬಿಸಿಲಿಗೆ ಗ್ಯಾರೇಜಿನ ತಗಡಿನ ಮಾಡು ಕಾಯತೊಡಗಿತ್ತು. ಹಿಂದಿನ ಸೀಟಿನಿಂದ ಯಾರೋ ಎದ್ದರು.

"ಯಾರೂ ಇಳೀಬೇಡಿ," ಎಂದಳು ಬಾಗಿ. "ಇಳಿದ್ರೆ ಅದು ಪುನಃ ಕೂಗ್ತದೆ."

ಎದ್ದವರು ಕುಳಿತರು. ಬಾಗಿ ಒದ್ದೆ ಗೋಣಿ ಎಳೆದು ಮೀನಿಗೆ ಹೊದಿಸಿದಳು. ಗುರುವಪ್ಪ ಸ್ಟಿಯರಿಂಗನ್ನು ಎಡಕ್ಕೇ ಹಿಡಿದು, ಹಾರ್ನಿನ ಮೇಲೆ ಅಂಗೈ ಒತ್ತಿಕೊಂಡೇ ಕುಳಿತಿದ್ದ. ತುಂಬಿದ ಬಸ್ಸಿನ ಹಾರ್ನ್ ಕೂಗಲಿಲ್ಲ.