ನಾಗವ್ವನ ಪಾಲಿನ ಬಿಸಿಲು

ನನಗೆ ಮಧ್ಯಾಹ್ನದ ನಿದ್ದೆಯೆಂದರೆ ಪ್ರಾಣ. ಮದುವೆಯಾಗಿ ವಿಜಾಪುರದಿಂದ ಪುಣೆಗೆ ಬಂದಾಗ ಈ ಊರಿನಲ್ಲಿ ನನಗೆ ಮೊದಲು ಹಿಡಿಸಿದ್ದೇ ಅದು. ಒಂದು ಗಂಟೆಗೆ ಪೇಠೆಯ ಅಂಗಡಿಗಳ ಬಾಗಿಲು ಬಿತ್ತೆಂದರೆ ನಾಲ್ಕರವರೆಗೆ ಸಾಕ್ಷಾತ್ ಬ್ರಹ್ಮ ಬಂದು ಸಕ್ಕರೆ ಕೇಳಿದರೂ ಸಿಗುವುದಿಲ್ಲ. ನಾವಿದ್ದ ವಾಡೆಯೂ ಹಾಗೆಯೇ ಇತ್ತು. ನಡುವೆ ಕಲ್ಲು ಹಾಸಿದ ಅಂಗಳ, ಸುತ್ತ ಮರದ ಕಂಬಗಳ ಪಡಸಾಲೆ, ಅದರ ಹಿಂದೆ ಒಂದೊಂದು ಮನೆಗೆ ಒಂದೆರಡು ಕೋಣೆ. ಊಟ ಮುಗಿದು ಪಾತ್ರೆಗಳ ಸದ್ದು ಅಡಗಿದರೆ ಎಲ್ಲ ಮನೆಗಳೂ ಒಂದೇ ಕೌದಿ ಹೊದ್ದು ಮಲಗಿದಂತಿರುತ್ತಿತ್ತು.

ರಾತ್ರಿಯ ಕನಸುಗಳು ಬೆಳಗಾಗುವುದರೊಳಗೆ ಮರೆತುಹೋಗುತ್ತವೆ. ಮಧ್ಯಾಹ್ನದವು ಹಾಗಲ್ಲ. ಕಣ್ಣು ತೆರೆದ ಮೇಲೂ ಸ್ವಲ್ಪ ಹೊತ್ತು ಕೋಣೆಯಲ್ಲೇ ಕೂತಿರುತ್ತವೆ, ಚಹಾ ಕುದಿಯುವ ವಾಸನೆ ಬಂದ ಮೇಲೆ ಎದ್ದು ಹೋಗುತ್ತವೆ. ನನ್ನ ತವರಿನ ಬಾವಿ, ಸತ್ತುಹೋದ ನಮ್ಮ ಅಜ್ಜಿ, ನಾನು ಕಾಣದ ಸಮುದ್ರ, ಎಲ್ಲವೂ ಆ ಮೂರು ತಾಸಿನಲ್ಲಿ ಬಂದು ಹೋಗುತ್ತಿದ್ದವು.

ಆ ಸುಖದೊಳಗೆ ನಾಗವ್ವನ ಹೊಲಿಗೆ ಮಷಿನ್ನು ಬಂತು.

ನಾಗವ್ವ ನಮ್ಮ ಕಡೆಯವಳೇ, ಗುಲಬರ್ಗಾದವಳು. ಗಂಡ ಸುಂದರ ಬಾರಾಮತಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ, ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದ. ವಾಡೆಯ ಮೂಲೆಯ ಒಂದೇ ಕೋಣೆಯಲ್ಲಿ ಅವಳ ಸಂಸಾರ. ಬೆಳಗ್ಗೆ ವಿದ್ಯಾರ್ಥಿಗಳ ಮೆಸ್ಸಿನಲ್ಲಿ ಭಾಕರಿ ಬಡಿದು ಬಂದು ಆಮೇಲೆ ಓಣಿಯ ಹೆಂಗಸರಿಗೆ ಜಂಪರು ಹೊಲಿಯುತ್ತಿದ್ದಳು. ಆ ಕೋಣೆಯೋ ಹಗಲಲ್ಲೂ ಕತ್ತಲೆ. ಇದ್ದ ಒಂದೇ ಕಿಟಕಿಗೆ ಬಿಸಿಲು ಬರುತ್ತಿದ್ದದ್ದು ಒಂದು ಗಂಟೆಯ ಮೇಲೆ. ನಾಲ್ಕಕ್ಕೆ ಎದುರಿನ ಗೋಡೆ ಅದನ್ನು ನುಂಗಿಬಿಡುತ್ತಿತ್ತು. ಚಾಪೆಯಷ್ಟು ಅಗಲದ ಆ ಬಿಸಿಲು ನೆಲದ ಮೇಲೆ ಸರಿದ ಹಾಗೆ ನಾಗವ್ವನೂ ಮಷಿನ್ನು ಎಳೆದುಕೊಂಡು ಹಿಂದೆಯೇ ಸರಿಯುತ್ತಿದ್ದಳು.

ಮೊದಮೊದಲು ಅವಳ ಮಷಿನ್ನು ನನ್ನ ಕನಸಿನಲ್ಲಿ ಸೋಲಾಪುರದ ರೈಲಾಗಿ ಬರುತ್ತಿತ್ತು. ನಾನು ಹತ್ತಿ ಕೂರುತ್ತಿದ್ದೆ. ಬರುಬರುತ್ತ ರೈಲು ಯಾವ ಸ್ಟೇಶನ್ನಿನಲ್ಲೂ ನಿಲ್ಲದಾಯಿತು. ಎದ್ದು ಕೂತು ಹಲ್ಲು ಕಡಿಯುವುದಷ್ಟೇ ನನ್ನ ಪಾಲಿಗೆ ಉಳಿಯಿತು.

ಅದು ಎಮರ್ಜೆನ್ಸಿ ಮುಗಿದು ಚುನಾವಣೆ ನಡೆದ ವರ್ಷ. ಎಲ್ಲರ ಬೆರಳಿಗೂ ಮಸಿ, ಎಲ್ಲರ ಬಾಯಲ್ಲೂ ಮತ. ಮಾಳಿಗೆಯ ಮೇಲಿದ್ದ ಮಧುಕರರಿಗೆ ಆ ಹುಚ್ಚು ಇಳಿಯಲೇ ಇಲ್ಲ. ಬ್ಯಾಂಕಿನ ಗುಮಾಸ್ತ, ಮರಾಠಿ ಮನುಷ್ಯ, ನಮ್ಮ ಸಹವಾಸದಿಂದ ಕನ್ನಡವನ್ನೂ ಕಲಿತಿದ್ದರು. ನಳದ ಸರದಿಗೆ ಮತ, ಬಾಗಿಲಿನ ಬಣ್ಣಕ್ಕೆ ಮತ, ಬೆಕ್ಕಿಗೆ ಹಾಲು ಹಾಕಬೇಕೋ ಬೇಡವೋ ಎನ್ನುವುದಕ್ಕೂ ಮತ. ಅಂಗಳದಲ್ಲಿ ಎಲ್ಲರನ್ನೂ ಸೇರಿಸಿ ಕೈ ಎತ್ತಿಸುವುದು, ಎಣಿಸುವುದು, ಪ್ರಜಾಪ್ರಭುತ್ವಕ್ಕೆ ಅವರ ಮಾತಿನಲ್ಲಿ "ಲೋಕಶಾಹಿ" ಎಂದು ತೃಪ್ತಿಯಿಂದ ಕನ್ನಡಕ ಒರೆಸುವುದು. ನಮ್ಮ ಮಾವ ಈರಬಸಪ್ಪನವರು ತಮಾಷೆ ಮಾಡುತ್ತಿದ್ದರು: "ಇವ್ರು ಸೀನಾಕೂ ಬಹುಮತ ಕೇಳ್ತಾರ ನೋಡವ್ವ."

ಬೇಸಿಗೆಯಲ್ಲಿ ಮಷಿನ್ನಿನ ಸರದಿ ಬಂತು. ಪಕ್ಕದ ಮನೆಯ ಸಕ್ಕುಬಾಯಿಯ ಗಂಡನಿಗೆ ಕಾರ್ಖಾನೆಯಲ್ಲಿ ರಾತ್ರಿಪಾಳಿ. ಹಗಲು ನಿದ್ದೆ ಇಲ್ಲದೆ ಆತ ಸೊರಗಿದ್ದು ಎಲ್ಲರಿಗೂ ಕಾಣುತ್ತಿತ್ತು. ಒಂದರಿಂದ ನಾಲ್ಕರವರೆಗೆ ವಾಡೆಯಲ್ಲಿ ಯಾವ ಸದ್ದೂ ಇರಬಾರದು, ಮಷಿನ್ನಿನದಂತೂ ಕೂಡದು ಎಂದು ಮಧುಕರರು ಮತ ಕೇಳಿದರು. ಅಂಗಳದ ತುಂಬ ಕೈಗಳು ಎದ್ದವು. ನನ್ನದೂ ಎದ್ದಿತು. ಸುಳ್ಳು ಯಾಕೆ, ಎರಡೂ ಕೈ ಎತ್ತಬಹುದಾಗಿದ್ದರೆ ಎರಡನ್ನೂ ಎತ್ತುತ್ತಿದ್ದೆ. ನಾಗವ್ವ ಕಂಬಕ್ಕೆ ಒರಗಿ ನಿಂತಿದ್ದಳು. ಬೇಡ ಎನ್ನುವವರ ಕೈ ಕೇಳಿದಾಗ ಅವಳೊಬ್ಬಳದೇ ಎದ್ದಿತು, ಅದೂ ಭುಜದವರೆಗೆ.

ಸದ್ದು ನಿಂತ ಮೇಲೆ ನಮಗೆ ನಿದ್ದೆಯೇ ಬಾರದಾಯಿತು ಎಂದು ಹೇಳಿದರೆ ಕೇಳುವವರಿಗೆ ಚೆನ್ನಾಗಿರುತ್ತದೆ. ಆದರೆ ಬಂತು. ಎಂದೂ ಬಾರದಷ್ಟು ಚೆನ್ನಾಗಿ ಬಂತು. ಸಕ್ಕುಬಾಯಿಯ ಗಂಡನ ಮುಖ ತುಂಬಿಕೊಂಡಿತು. ಅಜ್ಜಿ ನನ್ನ ಕನಸಿಗೆ ಬಂದು ಜಡೆ ಹಾಕಿ ಹೋದಳು.

ನಾಗವ್ವ ಸಂಜೆ ಬಲ್ಬಿನ ಕೆಳಗೆ ಹೊಲಿಯತೊಡಗಿದಳು. ಬಲ್ಬು ಹಣ್ಣೆಲೆಯ ಬಣ್ಣದ್ದು. ಅವಳ ಕಣ್ಣಲ್ಲಿ ನೀರು ಸೋರುತ್ತಿತ್ತು, ಜಂಪರಿನ ತೋಳುಗಳು ಹಿಂದುಮುಂದಾಗುತ್ತಿದ್ದವು. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕಡೆಗೆ ಹೋದರು. ಸಂಕ್ರಾಂತಿಯ ಎಳ್ಳುಬೆಲ್ಲ ಕೊಡಲು ಬಂದಾಗ ನಾಗವ್ವ ನಮ್ಮ ಹೊಸ್ತಿಲಲ್ಲೇ ಕೂತು ಹೇಳಿದಳು.

"ಗೌರಕ್ಕಾರ, ಈ ತಿಂಗಳು ಮುಗಿದ ಮ್ಯಾಲ ಬಾರಾಮತಿಗೆ ಹೊಂಟೇನ್ರಿ. ಮಷಿನ್ ಮಾರಿಬಿಡ್ತೀನಿ."

"ಅಲ್ಲಿ ನಿನ್ನ ಗಂಡ ಇರೋದು ಒಂದು ಖೋಲ್ಯಾಗ ನಾಕು ಮಂದಿ ಕೂಡಿ ಅಂದಿದ್ದಿ. ನೀ ಎಲ್ಲಿ ಇರ್ತಿ?"

"ಕಬ್ಬಿನ ಗದ್ಯಾಗ ಜೋಪಡಿ ಹಾಕ್ಕೊಂಡ್ರಾತು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಅವಳು ಮುಂದುವರಿದಳು. "ಆ ಮಷಿನ್ ನಾ ಭಾಕರಿ ಬಡದು ತಗೊಂಡದ್ದ್ರಿ. ಅದರ ಮುಂದ ಕುಂತಾಗಷ್ಟ ನಾ ಯಾರದೋ ಮನಿ ಆಳು ಅಲ್ಲ ಅನಸ್ತಿತ್ತು."

ನನಗೆ ಸಂಕಟವಾಯಿತು. ಆದರೂ ಅವಳು ಹೋದ ಮೇಲೆ ಮಲಗಿ ನಿದ್ದೆ ಮಾಡಿದೆ.

ಆ ವಾರವೆಲ್ಲ ಮಧುಕರರು ಬೆಳಗ್ಗೆ ನಳದ ಮುಂದೆ ನಿಂತು ಜನವರಿ ಇಪ್ಪತ್ತಾರರ ಭಾಷಣ ಬಾಯಿಪಾಠ ಮಾಡುತ್ತಿದ್ದರು. ಲೋಕಶಾಹಿಯೆಂದರೆ ಹೆಚ್ಚು ಜನರ ಮಾತು ನಡೆಯುವುದು. ಗಣರಾಜ್ಯವೆಂದರೆ, ಊರೆಲ್ಲ ಒಂದಾಗಿ ಬಂದರೂ ಒಬ್ಬನಿಂದ ಕಿತ್ತುಕೊಳ್ಳಬಾರದ್ದು ಒಂದಿಷ್ಟಿದೆ ಎಂದು ಮೊದಲೇ ಒಪ್ಪಿಕೊಂಡು ಬಾಳುವುದು. ಕೇಳಿ ಕೇಳಿ ಅದು ನನ್ನ ನಿದ್ದೆಗೂ ಇಳಿಯಿತು.

ಒಂದು ಮಧ್ಯಾಹ್ನ ಕನಸು ಬಿತ್ತು. ನಾವೆಲ್ಲ ಅಂಗಳದಲ್ಲಿ ಕೈ ಎತ್ತಿ ನಿಂತಿದ್ದೇವೆ. ಯಾತಕ್ಕೆಂದು ಯಾರಿಗೂ ನೆನಪಿಲ್ಲ. ಕೈಗಳು ಕಬ್ಬಿನಂತೆ ಬೆಳೆಯುತ್ತ ಹೋಗುತ್ತವೆ, ಮಾಳಿಗೆ ದಾಟುತ್ತವೆ, ಬೆರಳುಗಳಲ್ಲಿ ಎಲೆ ಒಡೆಯುತ್ತದೆ. ಮೇಲೆ ಹಸಿರು, ಕೆಳಗೆ ತಣ್ಣಗಿನ ಕತ್ತಲೆ. ಆ ಕತ್ತಲೆಯಲ್ಲಿ ಯಾರೋ ಹೆಂಗಸು ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಸೂಜಿಯ ಕಣ್ಣು ಹುಡುಕುತ್ತಿದ್ದಾಳೆ. ನಾಗವ್ವ ಇರಬೇಕೆಂದು ಹತ್ತಿರ ಹೋದೆ. ನಾನೇ ಆಗಿದ್ದೆ. ಕೈ ಇಳಿಸಿರೆಂದು ಕೂಗಿದೆ, ಮೇಲಿದ್ದವರಿಗೆ ಕೇಳಿಸಲಿಲ್ಲ. ಎಚ್ಚರವಾದಾಗ ವಾಡೆ ಸದ್ದಿಲ್ಲದೆ ಮಲಗಿತ್ತು. ಆ ಸದ್ದಿಲ್ಲದ್ದು ನನಗೆ ಮೊದಲ ಸಲ ಭಯ ಹುಟ್ಟಿಸಿತು.

ಮರುದಿನ ಇಪ್ಪತ್ತೈದನೆಯ ತಾರೀಖು. ಊಟದ ಹೊತ್ತಿಗೆ ಮಧುಕರರು ಟ್ರಂಕಿನಿಂದ ಬಾವುಟ ತೆಗೆದರು. ಮೊದಲ ಗಣರಾಜ್ಯದ ದಿನ ವಾಡೆಯ ಹಿರಿಯರು ಹಾರಿಸಿದ್ದೇ ಆ ಬಾವುಟ, ಪ್ರತಿ ವರ್ಷ ಅದೇ ಹಾರಬೇಕು. ಕೇಸರಿಯೂ ಬಿಳಿಯೂ ಕೂಡುವಲ್ಲಿ ಹೊಲಿಗೆ ಬಿಟ್ಟು ಬಟ್ಟೆ ಬಾಯ್ತೆರೆದಿತ್ತು. ಎಲ್ಲರೂ ನಾಗವ್ವನ ಕಿಟಕಿಯ ಮುಂದೆ ನೆರೆದರು. ಗಂಟೆ ಒಂದು ದಾಟಿತ್ತು.

"ಮಷಿನ್ ಹೊಲಿಗಿನ ಬೇಕು," ನಾಗವ್ವ ಬಟ್ಟೆ ತಿರುಗಿಸಿ ನೋಡಿ ಹೇಳಿದಳು. "ಬಲ್ಬಿನಾಗ ನನಗ ಕಣ್ಣು ಕಾಣಂಗಿಲ್ಲ, ಕೆಡಸ್ತೀನಿ. ಬಿಸಲು ಇರೂದು ನಾಕರ ತನಕ. ಆಗ ಮಷಿನ್ ಮುಟ್ಟಂಗಿಲ್ಲಲ್ರಿ."

"ಅದಕ್ಕೇನು, ಇವತ್ತೊಂದು ದಿವಸ ಮಾಫಿ ಕೊಡೋಣ," ಎಂದರು ಮಧುಕರರು. "ಯಾರ್‍ಯಾರು ಒಪ್ತೀರಿ, ಹಾತ್ ವರ್ ಕರಾ."

ಎಲ್ಲರ ಕೈಗಳೂ ಎದ್ದವು. ಒಂದೂ ಕಡಿಮೆಯಿರಲಿಲ್ಲ.

ನಾಗವ್ವ ಬಾವುಟವನ್ನು ಮಡಿಸಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. "ನಾ ಹೊಲಿಯಂಗಿಲ್ರಿ. ಇವತ್ತ ಕೈ ಎತ್ತಿ ಕೊಡ್ತೀರಿ, ನಾಳಿ ಕೈ ಎತ್ತಿ ತಗೋತೀರಿ. ನಿಮ್ಮ ಕೈ ಏರಿದಾಗ ತುಳಿ, ಇಳಿದಾಗ ಬಿಡು ಅಂದ್ರ ಈ ಮಷಿನ್ ನಂದೋ, ನಿಮ್ಮದೋ?"

ಕೈಗಳು ಎದ್ದೇ ಇದ್ದವು. ಆಗ ನನಗೆ ಕಂಡಿತು. ನಾವೆಲ್ಲ ಕಿಟಕಿಗೆ ಅಡ್ಡ ನಿಂತಿದ್ದೆವು. ನಮ್ಮ ನೆರಳು ಒಳಗೆ ಅವಳ ನೆಲದ ತುಂಬ ಬಿದ್ದಿತ್ತು, ಕಬ್ಬಿನ ಗದ್ದೆಯ ಹಾಗೆ. ಚಾಪೆಯಷ್ಟು ಬಿಸಿಲಿನಲ್ಲಿ ಬೊಗಸೆಯಷ್ಟೂ ಉಳಿದಿರಲಿಲ್ಲ.

ನಾನು ಕೈ ಇಳಿಸಿದೆ. "ಮಧುಕರ ಭಾವು, ಇದಕ್ಕ ಕೈ ಎತ್ತೂದ ತಪ್ಪರಿ. ಕಿತ್ತಗೋಬಾರದ್ದು ಒಂದಿಷ್ಟು ಇರ್ತದ ಅಂತ ನಳದ ಮುಂದ ದಿನಾ ಹೇಳ್ತೀರಿ. ಅದು ಇದ ಇರಬೇಕು."

ಅವರ ಮುಖ ಕೆಂಪಾಯಿತು. "ಮತ್ತ ಸಕ್ಕುಬಾಯಿ ಗಂಡನ ನಿದ್ದಿ? ಅದೂ ಅವರ ಹಕ್ಕ ಅಲ್ಲೇನ್ರಿ?"

ಅದೂ ನ್ಯಾಯದ ಪ್ರಶ್ನೆಯೇ. ಹಿಂದಿನಿಂದ ನಮ್ಮ ಮಾವನವರು ಮುಂದೆ ಬಂದರು. ಮಧ್ಯಾಹ್ನದ ನಿದ್ದೆಗಾಗಿ ಸ್ವಂತ ತಮ್ಮನ ಜೊತೆ ಮಾತು ಬಿಟ್ಟ ಮನುಷ್ಯ ಅವರು.

"ನಿದ್ದಿ ಎಲ್ಲಿ ಬೇಕಾದಲ್ಲಿ ಹಾಸಬಹುದು," ಎಂದರು. "ನಮ್ಮ ಹಿತ್ತಲ ಖೋಲಿಗೆ ಸದ್ದು ಬರಂಗಿಲ್ಲ. ಆ ಹುಡುಗ ಇವತ್ತಿಂದ ಅಲ್ಲಿ ಮಲಗಲಿ, ನಾ ಪಡಸಾಲ್ಯಾಗ ಬಿದ್ದಿರ್ತೀನಿ. ಆಕಿ ಬಿಸಲಿಗೆ ಇನ್ನೊಂದು ಕಿಟಕಿ ಅದ ಏನು? ಕೈ ಇಳಸ್ರಿ. ಮದಲ ಬೆಳಕು ಬಿಡ್ರಿ."

ಈ ಸಲ ಯಾರೂ ಎಣಿಸಲಿಲ್ಲ. ಒಂದೊಂದೇ ಕೈ ಇಳಿಯಿತು. ಕೊನೆಗೆ ಮಧುಕರರೂ ಇಳಿಸಿ ಬದಿಗೆ ಸರಿದರು. ನಾವು ಸರಿದಂತೆಲ್ಲ ಬಿಸಿಲು ಕಿಟಕಿ ದಾಟಿ ಒಳಗಿಳಿಯಿತು, ಮಷಿನ್ನಿನ ಗಾಲಿಯನ್ನು ಮುಟ್ಟಿತು. ನಾಗವ್ವ ಕೂತು ಮೊದಲು ಸಕ್ಕುಬಾಯಿಯ ಅರ್ಧ ಉಳಿದಿದ್ದ ಜಂಪರನ್ನು ಹೊಲಿದು ಮುಗಿಸಿದಳು. ಬಾವುಟವನ್ನು ಅದರ ನಂತರ ಎತ್ತಿಕೊಂಡಳು. ಅಷ್ಟೂ ಹೊತ್ತು ನಾವು ಪಡಸಾಲೆಯಲ್ಲಿ ಕಾದೆವು.

ಅವಳು ಬಾರಾಮತಿಗೆ ಹೋಗಲಿಲ್ಲ. ನನ್ನ ಅಜ್ಜಿ ಮತ್ತೆ ಜಡೆ ಹಾಕಲು ಬರಲಿಲ್ಲ, ನಿಲ್ಲದ ರೈಲೇ ತಿರುಗಿ ಬಂತು. ನಾವು ವಾಡೆ ಬಿಟ್ಟು ಊರಾಚೆಯ ಕೋಥರೂಡ ಬಡಾವಣೆಗೆ ಹೋಗುವವರೆಗೂ ದಿನಾ ಮಧ್ಯಾಹ್ನ ಎದ್ದು ಕೂತು ಆ ಮಷಿನ್ನಿಗೆ ಬಾಯ್ತುಂಬ ಬೈದಿದ್ದೇನೆ. ನಾಗವ್ವನಿಗೆ ಕೇಳಿಸುವಂತೆಯೇ ಬೈದಿದ್ದೇನೆ. ಅವಳು ಒಳಗಿನಿಂದ ನಕ್ಕು, ತುಳಿಯುತ್ತಲೇ ಇರುತ್ತಿದ್ದಳು.